ಲೋಟದಿಂದ ಅಂಗಳಕ್ಕೆ: ಕೊಟ್ಟಾರದ ಒಂದು ಕಾಫಿ ಅಂಗಡಿ ಕಲಿಸುವ ಪಾಠ



ನಿಮ್ಮ ಗಿರಾಕಿ ಯಾರು ಎಂದು ಕಾಫಿ ಬೆಳೆಗಾರನನ್ನು ಕೇಳಿದರೆ, ಚೀಲ ತೂಗಿಸಿಕೊಂಡು ಹೋಗುವ ವ್ಯಾಪಾರಿಯ ಹೆಸರು ಹೇಳುವುದು ವಾಡಿಕೆ. ಇದು ಅರ್ಧ ಸತ್ಯ ಮಾತ್ರ. ವ್ಯಾಪಾರಿಯು ಕೊಳ್ಳುವುದು ಮಾರುವುದಕ್ಕಾಗಿ. ಕುಡಿಯುವುದಕ್ಕಾಗಿ ಕೊಳ್ಳುವವನು ಪೇಟೆಯ ಯಾವುದೋ ಅಂಗಡಿಯ ಮೇಜಿನ ಮುಂದೆ ಕುಳಿತಿರುತ್ತಾನೆ. ಆತ ಲೋಟವನ್ನು ಅರ್ಧಕ್ಕೆ ಇಟ್ಟು ಎದ್ದುಹೋದರೆ ಅದರ ಸುದ್ದಿ ನಮ್ಮ ತೋಟಕ್ಕೆ ಮುಟ್ಟುವುದಿಲ್ಲ. ದರ ಇಳಿದಾಗ ಮಾತ್ರ ಅದರ ಫಲ ಮುಟ್ಟುತ್ತದೆ.

ಇದಕ್ಕೆ ಚಾರಿತ್ರಿಕ ಕಾರಣವೂ ಇದೆ. 1942ರ ಕಾಫಿ ಕಾಯಿದೆಯ ಬಳಿಕ ಸುಮಾರು ಅರ್ಧ ಶತಮಾನ ಕಾಲ ಬೆಳೆಗಾರರ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲಿಗೆ ಹೋಗುತ್ತಿತ್ತು. ದರ್ಜೆಗೆ ತಕ್ಕಂತೆ ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಬರುತ್ತಿತ್ತು. ಯಾರ ಅಂಗಳದ ಕಾಫಿ ಯಾರ ಲೋಟಕ್ಕೆ ಹೋಯಿತೆಂದು ತಿಳಿಯುವ ಅಗತ್ಯವೇ ಇರಲಿಲ್ಲ. 1990ರ ದಶಕದಲ್ಲಿ ಆ ಪದ್ಧತಿ ಹಂತಹಂತವಾಗಿ ಕೊನೆಗೊಂಡು ಮಾರಾಟ ನಮ್ಮ ಕೈಗೆ ಬಂದಿತು. ಆದರೆ ಕುಡಿಯುವವನನ್ನು ವಿಚಾರಿಸದ ಹಳೆಯ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ.

ಈಗ ಈ ವಿಷಯವನ್ನು ಎತ್ತಲು ಕಾರಣವುಂಟು. ಅಡಿಕೆಯ ಹಳದಿ ಎಲೆ ರೋಗದ ಭಯದಿಂದಲೂ, ಒಂದೇ ಬೆಳೆಯನ್ನು ನಂಬಬಾರದೆಂಬ ವಿವೇಕದಿಂದಲೂ ಅಡಿಕೆಯ ನಡುವೆ ರೊಬಸ್ಟಾ ಇಟ್ಟ ಸದಸ್ಯರು ನಮ್ಮಲ್ಲಿದ್ದಾರೆ. ಒಬ್ಬೊಬ್ಬರದು ಐದು ಚೀಲ, ಹತ್ತು ಚೀಲ. ಇದನ್ನು ಸಂಘವೇ ಹುರಿಸಿ ಮಂಗಳೂರಿನ ಸಣ್ಣ ಅಂಗಡಿಗಳಿಗೆ ನೇರವಾಗಿ ಏಕೆ ಕೊಡಬಾರದು ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಕೊಡುವ ಮೊದಲು ಆ ಅಂಗಡಿಗಳಲ್ಲಿ ಗಿರಾಕಿಗಳು ಏನು ಹೇಳುತ್ತಾರೆಂದು ತಿಳಿಯಬೇಕು. ಆದುದರಿಂದ ನಾವು ಕೊಟ್ಟಾರದ ಒಂದು ಸಣ್ಣ ಕಾಫಿ ಅಂಗಡಿಯಲ್ಲಿ ಹಲವು ಸಲ ಕುಳಿತು, ಮಾಲೀಕರ ಅನುಮತಿ ಪಡೆದು, ಕೇಳಿಬಂದ ಮಾತುಗಳನ್ನು ಬರೆದುಕೊಂಡೆವು.

ಸಣ್ಣ ಅಂಗಡಿಯೇ ಏಕೆ?

ದೊಡ್ಡ ಕಂಪೆನಿಗಳು ನೂರಾರು ಕಡೆಯ ಬೀಜವನ್ನು ಬೆರೆಸುತ್ತವೆ. ಒಂದು ಅಂಗಳದ ದೋಷ ಅದರಲ್ಲಿ ಮುಳುಗಿಹೋಗುತ್ತದೆ. ಸಣ್ಣ ಅಂಗಡಿಯವರು ತರಿಸುವುದು ಒಂದೇ ಕಡೆಯ ಕೆಲವೇ ಕಿಲೋ; ಆದ್ದರಿಂದ ಗುಣವೂ ದೋಷವೂ ಲೋಟದಲ್ಲಿ ನೇರವಾಗಿ ಕಾಣಿಸುತ್ತವೆ. ಇದಲ್ಲದೆ, ಮಾಲೀಕರೇ ಗಲ್ಲಾದಲ್ಲಿ ಕುಳಿತಿರುವುದರಿಂದ ಗಿರಾಕಿಯು ಮುಚ್ಚುಮರೆಯಿಲ್ಲದೆ ಮಾತನಾಡುತ್ತಾನೆ. ಕೊಟ್ಟಾರ ಚೌಕಿಯು ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. ಸುರತ್ಕಲ್, ಪಣಂಬೂರು ಕಡೆಯ ಕೆಲಸಗಾರರು, ರಿಕ್ಷಾ ಚಾಲಕರು, ವಿದ್ಯಾರ್ಥಿಗಳು, ಹತ್ತಿರದ ಮನೆಗಳ ನಿವೃತ್ತರು, ಹೀಗೆ ಎಲ್ಲ ತರದ ಜನ ಅಲ್ಲಿಗೆ ಬರುತ್ತಾರೆ.

ಗಿರಾಕಿಗಳ ದೂರುಗಳು

1. “ನಿನ್ನೆ ಒಳ್ಳೇದಿತ್ತು ಮಾರಾಯ್ರೆ, ಇವತ್ತು ಯಾಕೆ ಹೀಗೆ?”

ಹೆಚ್ಚು ಸಲ ಕೇಳಿದ ಮಾತು ಇದೇ. ಡಿಕಾಕ್ಷನ್ನಿಗೆ ಹಾಕುವ ಪುಡಿಯ ಅಳತೆ ತಪ್ಪಿದರೂ ರುಚಿ ಬದಲಾಗುತ್ತದೆ. ಅದು ಅಂಗಡಿಯ ದೋಷ. ಆದರೆ ಅಳತೆ ಸರಿಯಿದ್ದೂ ಹೊಸ ಮೂಟೆ ಬಿಚ್ಚಿದಾಗ ರುಚಿ ಕೆಟ್ಟರೆ ದೋಷ ನಮ್ಮದು. ಹಣ್ಣು, ದೋರೆ, ಹಸಿಕಾಯಿ ಎಲ್ಲವನ್ನೂ ಒಂದೇ ಸಲಕ್ಕೆ ಗೀರಿ ಕೊಯ್ದರೆ ಬೀಜ ಸಮನಾಗಿ ಹುರಿಯುವುದಿಲ್ಲ. ಹಸಿಕಾಯಿಯ ಬೀಜ ಒಗರು ಕೊಡುತ್ತದೆ. ನೆಲಕ್ಕೆ ಬಿದ್ದು ಕಪ್ಪಾದ ಬೀಜ ಕೊಳೆತ ರುಚಿ ಕೊಡುತ್ತದೆ.

2. “ಕಾಫಿಗೆ ಹಳೇ ಗೋಣಿಯ ವಾಸನೆ ಉಂಟು.”

ಇದು ಬೂಷ್ಟಿನ ವಾಸನೆ. ಇಂಥ ಬೀಜವನ್ನು ಎಷ್ಟು ಕಪ್ಪಗೆ ಹುರಿದರೂ ವಾಸನೆ ಪೂರ್ತಿ ಹೋಗುವುದಿಲ್ಲ. ಹಣ್ಣನ್ನು ಮಣ್ಣಿನ ನೆಲದಲ್ಲಿ ದಪ್ಪಗೆ ಹರಡುವುದು, ಕೊಯ್ದ ಹಣ್ಣನ್ನು ಮರುದಿನದ ತನಕ ಚೀಲದಲ್ಲೇ ಬಿಡುವುದು, ಅಕಾಲ ಮಳೆಗೆ ನೆನೆದದ್ದನ್ನು ರಾಶಿ ಹಾಕುವುದು ಇದರ ಮೂಲ. ಇದು ಬರೇ ರುಚಿಯ ಪ್ರಶ್ನೆಯಲ್ಲ. ಬೂಷ್ಟಿನಿಂದ ಹುಟ್ಟುವ ಓಕ್ರಾಟಾಕ್ಸಿನ್ ಎಂಬ ವಿಷಾಂಶಕ್ಕೆ ಯುರೋಪಿನ ದೇಶಗಳು ಕಟ್ಟುನಿಟ್ಟಾದ ಮಿತಿ ಹಾಕಿವೆ.

3. “ಏನೋ ಬೇರೆ ವಾಸನೆ ಬರ್ತದೆ.”

ಯಾವ ವಾಸನೆಯೆಂದು ಹೇಳಲು ಗಿರಾಕಿಗೆ ಬಾರದು, ನಮಗೆ ಗೊತ್ತಾಗಬೇಕು. ಕಾಫಿ ಬೀಜವು ಸುತ್ತಲಿನ ವಾಸನೆಯನ್ನು ಬೇಗ ಎಳೆದುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಅಡಿಕೆ, ಕಾಳುಮೆಣಸು, ಕೊಬ್ಬರಿ, ಗೊಬ್ಬರದ ಚೀಲ, ಸಿಂಪರಣೆಯ ಔಷಧಿ ಎಲ್ಲವೂ ಒಂದೇ ಉಗ್ರಾಣದಲ್ಲಿರುವುದುಂಟು. ಗೊಬ್ಬರದ ಖಾಲಿ ಚೀಲದಲ್ಲಿ ಕಾಫಿ ತುಂಬಿಸುವವರೂ ಇದ್ದಾರೆ. ಅಡಿಕೆಗೆ ಸಿಪ್ಪೆಯ ರಕ್ಷಣೆಯಿದೆ. ಆ ಧೈರ್ಯ ಕಾಫಿಗೆ ಸಲ್ಲದು.

4. “ಕಹಿ ಉಂಟು, ಕಾಫಿಯ ಪರಿಮಳ ಇಲ್ಲ.”

ಇಲ್ಲಿ ಎರಡು ಕಾರಣಗಳು ಸೇರುತ್ತವೆ. ಒಂದು, ಚಿಕೋರಿ. ಅದು ಒಂದು ಬೇರು. ಬಣ್ಣ ಮತ್ತು ಗಟ್ಟಿತನ ಕೊಡುತ್ತದೆ, ಕಾಫಿಯ ಘಮ ಕೊಡಲಾರದು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯು ಶೇಕಡಾ 51ಕ್ಕೆ ಕಡಿಮೆಯಿರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ಕಾನೂನು. ಚಿಕೋರಿಯನ್ನು ಇಷ್ಟಪಟ್ಟು ಕುಡಿಯುವವರು ಬಹಳ ಮಂದಿ. ಅದು ತಪ್ಪಲ್ಲ, ತಿಳಿಸದೆ ಹಾಕುವುದು ತಪ್ಪು.

ಎರಡನೆಯದು, ಮಂಗಳೂರಿನ ಹವೆ. ಮಳೆಗಾಲದ ತೇವದಲ್ಲಿ ತೆರೆದಿಟ್ಟ ಪುಡಿಯ ಪರಿಮಳ ಬಲುಬೇಗ ಆರಿಹೋಗುತ್ತದೆ. ಇದೇ ಹವೆಯಿಂದಲೇ ಕರಾವಳಿಯ ‘ಮಾನ್ಸೂನ್ಡ್ ಮಲಬಾರ್’ ಕಾಫಿ ಹುಟ್ಟಿತೆಂಬುದು ಸ್ವಾರಸ್ಯ. ಹಿಂದೆ ಹಾಯಿ ಹಡಗುಗಳಲ್ಲಿ ತಿಂಗಳುಗಟ್ಟಲೆ ಸಾಗುವಾಗ ಬೀಜವು ತೇವ ಹೀರಿ, ಉಬ್ಬಿ, ಹೊಂಬಣ್ಣಕ್ಕೆ ತಿರುಗುತ್ತಿತ್ತು. ಯುರೋಪಿನವರು ಆ ರುಚಿಗೆ ಒಗ್ಗಿದ್ದರಿಂದ, ಹಡಗಿನ ಪಯಣ ಚಿಕ್ಕದಾದ ಮೇಲೆ ಇಲ್ಲಿನ ಗೋದಾಮುಗಳಲ್ಲೇ ಮಳೆಗಾಳಿಗೆ ಬೀಜವನ್ನು ಹರಡಿ ಆ ಗುಣವನ್ನು ತರಲಾರಂಭಿಸಿದರು. ಅಲ್ಲಿ ದಿನದಿನವೂ ಕೆದಕಿ, ಚೀಲ ಬದಲಿಸಿ ಕಾಯುವವರಿದ್ದಾರೆ. ಹಸಿ ಬೀಜಕ್ಕೆ ಆ ಉಪಚಾರ ಸಲ್ಲುತ್ತದೆ. ಹುರಿದ ಪುಡಿಗಾಗಲಿ ಮನೆಯ ಮೂಲೆಯ ಮೂಟೆಗಾಗಲಿ ಅದೇ ಗಾಳಿ ಹಾನಿಕರ.

5. ಹಾಲು, ಲೋಟ, ಕಾಯುವಿಕೆ

ಮತ್ತೆ ಮತ್ತೆ ಕಾಯಿಸಿದ ಹಾಲು, ಸೋಪಿನ ವಾಸನೆಯ ಲೋಟ, ತಡವಾದ ಕಾಫಿ: ಇವು ಅಂಗಡಿಯವರು ನೋಡಿಕೊಳ್ಳುವ ವಿಷಯ. ಒಂದು ಮಾತು ಮಾತ್ರ ಹೇಳಬೇಕು. ಈ ಮಾಲೀಕರು, ದೂರು ಬಂದರೆ ವಾದಿಸದೆ ಬೇರೆ ಲೋಟ ಮಾಡಿಕೊಡುತ್ತಾರೆ. ಯಾರಿಗೆ ಸಕ್ಕರೆ ಬೇಡ, ಯಾರಿಗೆ ಕಡುಪು ಬೇಕು ಎಂಬುದು ಅವರಿಗೆ ಬಾಯಿಪಾಠ. ಜೋರು ಮಳೆಗೆ ಚೌಕಿಯಲ್ಲಿ ನೀರು ನಿಂತ ದಿನವೂ ಹಳೆಯ ಗಿರಾಕಿಗಳು ಬರುವುದನ್ನು ಕಂಡೆವು. ಆದರೆ ಮೂಟೆಯೇ ಕೆಟ್ಟಿದ್ದರೆ ಎರಡನೆಯ ಲೋಟವೂ ಮೊದಲಿನಂತೆಯೇ ಇರುತ್ತದೆ. ಆಗ ಅವರ ಸೌಜನ್ಯವೆಲ್ಲ ನಮ್ಮಿಂದಾಗಿ ವ್ಯರ್ಥ.

ಒಂದು ಚೀಲದ ಲೆಕ್ಕ

50 ಕಿಲೋ ಒಣ ರೊಬಸ್ಟಾ ಚೆರಿಯಿಂದ ಸುಮಾರು 26 ಕಿಲೋ ಬೀಜ ದೊರೆಯುತ್ತದೆಂದು ಇಟ್ಟುಕೊಳ್ಳಿ. ಹುರಿಯುವಾಗ ತೂಕದಲ್ಲಿ ಐದನೆಯ ಒಂದು ಪಾಲು ಹೋದರೂ 20 ಕಿಲೋಗೆ ಮಿಕ್ಕಿ ಪುಡಿ ಉಳಿಯುತ್ತದೆ. ಲೋಟಕ್ಕೆ 10 ಗ್ರಾಮಿನಂತೆ ಎರಡು ಸಾವಿರ ಲೋಟ! ಒಂದು ಚೀಲವನ್ನು ಅಲಕ್ಷ್ಯದಿಂದ ಒಣಗಿಸಿದವನು ಎರಡು ಸಾವಿರ ಲೋಟಗಳನ್ನು ಕೆಡಿಸಿದಂತೆ. ಇನ್ನೊಂದು ಮಾತು: ಸಂಘವು ಸದಸ್ಯರ ಚೀಲಗಳನ್ನು ಕೂಡಿಸಿ ಹುರಿಸಿದರೆ, ಒಬ್ಬರ ಬೂಷ್ಟು ಒಂಬತ್ತು ಮಂದಿಯ ಶ್ರಮವನ್ನು ನುಂಗುತ್ತದೆ. ಸಹಕಾರದ ಲಾಭ ಹಂಚಿಕೆಯಾಗುವಂತೆ ದೋಷವೂ ಹಂಚಿಕೆಯಾಗುತ್ತದೆ.

ಅಂಗಳದಲ್ಲಿ ಮಾಡಬೇಕಾದದ್ದು

(ಅ) ಹಣ್ಣಾದುದನ್ನೇ ಕೊಯ್ಯಿರಿ. ಹಸಿಕಾಯಿಯನ್ನೂ ಉದುರು ಕಾಯಿಯನ್ನೂ ಬೇರೆಯಾಗಿ ಒಣಗಿಸಿರಿ.

(ಆ) ಕೊಯ್ದ ದಿನವೇ ಹರಡಿರಿ. ಸಿಮೆಂಟಿನ ಅಂಗಳ ಇಲ್ಲದಿದ್ದರೆ ಶುದ್ಧವಾದ ಟಾರ್ಪಾಲು ಹಾಸಿರಿ. ಹರವು ಸುಮಾರು 8 ಸೆಂಟಿಮೀಟರಿಗಿಂತ ದಪ್ಪವಾಗದಿರಲಿ. ಹಗಲಲ್ಲಿ ಆಗಾಗ ಕೆದಕಿ, ಸಂಜೆ ರಾಶಿ ಮಾಡಿ ಇಬ್ಬನಿ ತಾಗದಂತೆ ಮುಚ್ಚಿರಿ.

(ಇ) ಅಡಿಕೆಗೂ ಕಾಫಿಗೂ ಅಂಗಳದಲ್ಲಿ ಬೇರೆ ಬೇರೆ ಜಾಗವಿರಲಿ. ಚಾಲಿ ಅಡಿಕೆಗೆ ಒಂದೂವರೆ ತಿಂಗಳ ಬಿಸಿಲು ಬೇಕು. ಕಾಫಿಗೆ ಒಳ್ಳೆಯ ಬಿಸಿಲಿದ್ದರೆ ಎರಡು ವಾರ ಸಾಕು. ಅಡಿಕೆಗೆ ಜಾಗ ಬೇಕೆಂದು ಕಾಫಿಯನ್ನು ಹಸಿಯಾಗಿಯೇ ಎತ್ತಬೇಡಿ.

(ಈ) ಮುಷ್ಟಿಯಲ್ಲಿ ಹಿಡಿದು ಕುಲುಕಿದರೆ ಗಲಗಲ ಸದ್ದು ಬರಬೇಕು. ಒಂದೇ ಅಳತೆಯ ತೂಕ ಎರಡು ದಿನ ಬದಲಾಗದಿರಬೇಕು. ರೊಬಸ್ಟಾ ಚೆರಿಯ ತೇವಾಂಶ ಶೇಕಡಾ 11ಕ್ಕೆ ಮೀರಬಾರದು.

(ಉ) ಶುದ್ಧ ಗೋಣಿಯಲ್ಲಿ ತುಂಬಿಸಿ, ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿರಿ. ಗೊಬ್ಬರ, ಔಷಧಿ, ಸೀಮೆಎಣ್ಣೆಗಳ ನೆರೆ ಬೇಡ.

ಸದಸ್ಯರಿಗೆ ಅಭ್ಯಾಸ

ಭಾರತದ ಕಾಫಿ ಹೌಸುಗಳು ಮುಚ್ಚುತ್ತ ಬಂದಾಗ, ಅಲ್ಲಿನ ಕೆಲಸಗಾರರು 1957ರಿಂದ ಸಹಕಾರಿ ಸಂಘಗಳನ್ನು ಕಟ್ಟಿ ಅವುಗಳನ್ನು ನಡೆಸಿದರು. ಬಡಿಸುವವರು ಸಹಕಾರದಿಂದ ಅಂಗಡಿ ನಡೆಸಬಲ್ಲರಾದರೆ, ಬೆಳೆಯುವವರು ಅಂಗಡಿಗೆ ಒಳ್ಳೆಯ ಪುಡಿ ಒದಗಿಸಬಲ್ಲರು. ಆದರೆ ಅದಕ್ಕೆ ಮೊದಲು ನಮ್ಮ ಕಾಫಿಯನ್ನು ನಾವೇ ಕುಡಿದು ನೋಡಬೇಕು. ಬೇರೆಯವರ ಪುಡಿಯನ್ನು ಪೇಟೆಯಿಂದ ತಂದು ಕುಡಿಯುವ ಕಾಫಿ ಬೆಳೆಗಾರರು ನಮ್ಮಲ್ಲಿ ಕಡಿಮೆಯಿಲ್ಲ.

ಆದುದರಿಂದ ಪ್ರತಿಯೊಬ್ಬ ಸದಸ್ಯರೂ ಈ ಸಲದ ಕೊಯ್ಲಿನಿಂದ ಒಂದು ಹಿಡಿ ಬೀಜವನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಮೊದಲು ಹಾಲು ಸಕ್ಕರೆಯಿಲ್ಲದೆ, ಅನಂತರ ಹಾಲು ಬೆರೆಸಿ ಕುಡಿದು ನೋಡಿರಿ. ಮೇಲಿನ ಮೊದಲ ನಾಲ್ಕು ದೂರುಗಳಲ್ಲಿ ಯಾವುದಾದರೂ ಅದಕ್ಕೆ ಸಲ್ಲುತ್ತದೆಯೇ ಎಂದು ಚೀಟಿಯಲ್ಲಿ ಬರೆಯಿರಿ. ಅದೇ ಬೀಜದ ಕಾಲು ಕಿಲೋ ಮಾದರಿಯನ್ನು ಹೆಸರು ಮತ್ತು ಕೊಯ್ಲಿನ ದಿನಾಂಕದೊಡನೆ ಸಂಘದ ಕಚೇರಿಗೆ ತಲಪಿಸಿರಿ. ಮಾದರಿಗಳನ್ನು ಒಟ್ಟಿಗೆ ಪರೀಕ್ಷಿಸಿ ನೋಡಿದ ಬಳಿಕವೇ, ಅಂಗಡಿಗಳಿಗೆ ನೇರವಾಗಿ ಒದಗಿಸುವ ಪ್ರಸ್ತಾಪವನ್ನು ಮಹಾಸಭೆಯ ಮುಂದಿಡುವೆವು.

— ಕಾರ್ಯದರ್ಶಿ