ಕಿಟಕಿ ಬದಲಿಸೋಣ, ಮೊದಲು ಅಳತೆ ಬರೆಯೋಣ

ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಅಲ್ಲಿ ಒಂದು ಹಳೆಯ ಮಾಳಿಗೆ ಮನೆ. ಅಡಿಗೆಮನೆಯ ಕಿಟಕಿಗೆ ಗೆದ್ದಲು ಹತ್ತಿದೆ. ಕದ ಸರಿಯಾಗಿ ಮುಚ್ಚುವುದಿಲ್ಲ. ಮಳೆ ಬಂದರೆ ನೀರು ಒಳಗೆ ಬರುತ್ತದೆ.

"ಅತ್ತಿ, ಈ ಕಿಡಕಿ ಬದಲಿ ಮಾಡಿಸೂಣ್ರಿ" ಎಂದಳು ಸೊಸೆ.

"ಮಾಡಿಸೂಣು. ಆದ್ರ ಹ್ವಾದ ವರ್ಷದ ಹಂಗ ಆಗಬಾರ್ದು ನೋಡು" ಎಂದಳು ಅತ್ತೆ.

ಹೋದ ವರ್ಷ ಏನಾಗಿತ್ತು? ಪಡಸಾಲೆಯ ಕಿಟಕಿಗೆ ಅತ್ತೆ ಬಾಯಿಮಾತಿನಲ್ಲಿ ಹೇಳಿದ್ದಳು: "ಮೂರು ಫೂಟ್ ಅಗಲ ಮಾಡಪ್ಪಾ." ಅವಳು ಹೇಳಿದ್ದು ಚೌಕಟ್ಟಿನ ಹೊರಗಿನ ಅಳತೆ. ಬಡಿಗ ಒಳಗಿನ ಅಳತೆ ಎಂದು ತಿಳಿದ. ಚೌಕಟ್ಟು ದೊಡ್ಡದಾಯಿತು. ಅದನ್ನು ಕೂಡಿಸಲು ಗೋಡೆ ಒಡೆದರು. ಕಿಟಕಿಯ ಮೇಲಿನ ಕಲ್ಲು ಜರುಗಿತು. ಗೋಡೆ ಬಿರುಕು ಬಿಟ್ಟಿತು. ಗವಂಡಿಗೆ ಬೇರೆ ಕೂಲಿ ಕೊಡಬೇಕಾಯಿತು. ಮಗಳ ಬಾಣಂತನಕ್ಕೆ ಇಟ್ಟಿದ್ದ ಹಣ ಅದಕ್ಕೇ ಹೋಯಿತು. ತಪ್ಪು ಯಾರದು? ಇಬ್ಬರೂ "ನಂದಲ್ಲ" ಎಂದರು. ಬರೆದ ಚೀಟಿ ಇರಲಿಲ್ಲ.

ಈಗ ಅತ್ತೆ ಓದು ಬರಹ ಕಲಿತಿದ್ದಾಳೆ. ಸೊಸೆ ಟೇಪು ಹಿಡಿದಳು. ಅತ್ತೆ ಪೆನ್ನು ಹಿಡಿದಳು. ಅವರು ಮಾಡಿದಂತೆ ನಾವೂ ಮಾಡೋಣ.

1. ಏನು ಕೆಟ್ಟಿದೆ, ನೋಡಿ

ಚೌಕಟ್ಟಿನ ಕೆಳಗಿನ ಮೂಲೆಗಳನ್ನು ಮೊಳೆಯಿಂದ ಚುಚ್ಚಿ ನೋಡಿ. ಮರ ಗಟ್ಟಿಯಾಗಿದ್ದರೆ ಕದ ಮಾತ್ರ ಬದಲಿಸಿ. ಖರ್ಚು ಉಳಿಯುತ್ತದೆ. ಮರ ಮೆತ್ತಗಾಗಿದ್ದರೆ ಚೌಕಟ್ಟನ್ನೂ ಬದಲಿಸಬೇಕು. ಗೋಡೆಯಲ್ಲಿ ಗೆದ್ದಲಿದ್ದರೆ ಮೊದಲು ಔಷಧ ಹಾಕಿಸಿ. ಇಲ್ಲದಿದ್ದರೆ ಹೊಸ ಮರಕ್ಕೂ ಗೆದ್ದಲು ಹತ್ತುತ್ತದೆ. ಕಬ್ಬಿಣದ ಚೌಕಟ್ಟನ್ನು ಗೆದ್ದಲು ತಿನ್ನುವುದಿಲ್ಲ. ಆದರೆ ತುಕ್ಕು ಹಿಡಿಯದಂತೆ ಅದಕ್ಕೆ ಬಣ್ಣ ಬಳಿಯಬೇಕು.

2. ಕಿಟಕಿ ಎಷ್ಟು ದೊಡ್ಡದಿರಬೇಕು?

ನಮ್ಮಂಥ ಒಣ ಬಿಸಿಲಿನ ಸೀಮೆಯಲ್ಲಿ ಕೋಣೆಯ ನೆಲದ ಹತ್ತರಲ್ಲಿ ಒಂದು ಪಾಲಾದರೂ ಕಿಟಕಿ ಇರಬೇಕು. ಈ ಅಡಿಗೆಮನೆ 10 ಅಡಿ ಉದ್ದ, 8 ಅಡಿ ಅಗಲ. ನೆಲ 80 ಚದರ ಅಡಿ. ಹಾಗಾದರೆ 8 ಚದರ ಅಡಿ ಕಿಟಕಿ ಬೇಕು. ಇರುವ ಕಿಟಕಿ ಸುಮಾರು 11 ಚದರ ಅಡಿ. ಅದೇ ಸಾಕು. ಗೋಡೆ ಒಡೆದು ದೊಡ್ಡದು ಮಾಡುವ ಕೆಲಸವಿಲ್ಲ. ಕಿಟಕಿಯ ಮೇಲಿನ ಕಲ್ಲು ಗೋಡೆಯ ಭಾರ ಹೊತ್ತಿರುತ್ತದೆ. ಅದನ್ನು ಅಲುಗಾಡಿಸಬಾರದು.

3. ಮೂರು ಕಡೆ ಅಳೆಯಿರಿ

ಚೌಕಟ್ಟಿನ ಅಂಚಿನ ಗಿಲಾವನ್ನು ಸ್ವಲ್ಪ ಕೆತ್ತಿ. ಆಗ ಗೋಡೆಯ ಕಂಡಿ ಕಾಣುತ್ತದೆ. ಗೋಡೆಯಿಂದ ಗೋಡೆಗೆ ಅಳೆಯಿರಿ. ಹಳೆಯ ಗೋಡೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ.

ಅಗಲ: ಮೇಲೆ 36 ಇಂಚು, ನಡುವೆ 35, ಕೆಳಗೆ 36.
ಎತ್ತರ: ಎಡಕ್ಕೆ 48 ಇಂಚು, ನಡುವೆ 48, ಬಲಕ್ಕೆ 47.

ಯಾವ ಅಳತೆ ಹಿಡಿಯಬೇಕು? ಎಲ್ಲಕ್ಕಿಂತ ಸಣ್ಣದನ್ನು. ಅಂದರೆ ಅಗಲ 35, ಎತ್ತರ 47. ಅದರಲ್ಲಿ ಅರ್ಧ ಇಂಚು ಕಳೆಯಿರಿ. ಆಗ ಸುತ್ತಲೂ ಕಾಲು ಇಂಚು ಸಂದು ಉಳಿಯುತ್ತದೆ. ಚೌಕಟ್ಟು ಸಲೀಸಾಗಿ ಕೂಡುತ್ತದೆ. ಸಂದನ್ನು ಆಮೇಲೆ ಗವಂಡಿ ಮುಚ್ಚುತ್ತಾನೆ.

4. ಚೀಟಿ ಬರೆಯಿರಿ

ಅತ್ತೆ ಬರೆದ ಚೀಟಿ ಇದು:

ಅಡಿಗೆಮನೆ ಕಿಟಕಿ, ಒಂದು.
ಚೌಕಟ್ಟಿನ ಹೊರಗಿನ ಅಗಲ: 34½ ಇಂಚು.
ಚೌಕಟ್ಟಿನ ಹೊರಗಿನ ಎತ್ತರ: 46½ ಇಂಚು.
ಕದ: ಎರಡು. ಹೊರಗೆ ತೆರೆಯಬೇಕು.
ಒಳಗೆ ಸೊಳ್ಳೆ ಜಾಳಿಗೆ ಬೇಕು.
ಒಟ್ಟು ಹಣ, ಮುಂಗಡ, ಬಾಕಿ, ಕೊಡುವ ದಿನ.

ಇಂಥ ಎರಡು ಚೀಟಿ ಮಾಡಿ. ಒಂದು ಬಡಿಗನಿಗೆ, ಒಂದು ನಿಮಗೆ. ಎರಡರ ಮೇಲೂ ಇಬ್ಬರ ಸಹಿ ಇರಲಿ. ಅಂಗಡಿಯ ಪಾವತಿ ಮರಾಠಿಯಲ್ಲಿ ಇರಬಹುದು. ಓದಲು ಬರದಿದ್ದರೆ ಓದಿಸಿ ಕೇಳಿ. ನಿಮ್ಮ ಕನ್ನಡ ಚೀಟಿಯ ಅಂಕಿಗಳಿಗೆ ತಾಳೆ ನೋಡಿ. ಆಮೇಲೆ ಮುಂಗಡ ಕೊಡಿ.

5. ಕೆಲಸದ ದಿನ

ಮಳೆಗಾಲಕ್ಕೆ ಮೊದಲೇ ಕೆಲಸ ಮುಗಿಸಿ. ಹೊಸ ಕಿಟಕಿ ಮನೆಗೆ ಬಂದ ಮೇಲೆ ಅದನ್ನು ನೀವೇ ಅಳೆಯಿರಿ. ಸರಿ ಇದ್ದರೆ ಮಾತ್ರ ಹಳೆಯದನ್ನು ಕೀಳಿಸಿ. ಕೂಡಿಸಿದ ಮೇಲೆ ಕದ ತೆರೆದು, ಮುಚ್ಚಿ ನೋಡಿ. ಬಾಕಿ ಹಣ ಆಮೇಲೆ ಕೊಡಿ.

ಬಡಿಗ ಚೀಟಿ ನೋಡಿ ನಕ್ಕ. "ಈ ಸಲ ಜಗಳಾ ಇಲ್ಲ ಬಿಡ್ರಿ, ಅವ್ವಾರ" ಎಂದ.

"ಜಗಳಾ ಯಾಕಪ್ಪಾ? ಬರದದ್ದು ಅದಲ್ಲ!" ಎಂದಳು ಅತ್ತೆ.

ಪದಗಳ ಅರ್ಥ

ಕಂಡಿ: ಗೋಡೆಯಲ್ಲಿ ಕಿಟಕಿ ಕೂಡುವ ಜಾಗ
ಗಿಲಾವು: ಗೋಡೆಗೆ ಬಳಿದ ಗಾರೆ
ಮುಂಗಡ: ಮೊದಲೇ ಕೊಡುವ ಹಣ
ತಾಳೆ ನೋಡು: ಎರಡೂ ಒಂದೇ ಇವೆಯೇ ಎಂದು ನೋಡು

ಅಭ್ಯಾಸ

1. ಹೋದ ವರ್ಷ ಚೌಕಟ್ಟು ಯಾಕೆ ಕೂಡಲಿಲ್ಲ?
2. ಒಂದು ಕಂಡಿಯ ಅಗಲ ಮೇಲೆ 31, ನಡುವೆ 30, ಕೆಳಗೆ 32 ಇಂಚು. ಚೌಕಟ್ಟಿನ ಹೊರಗಿನ ಅಗಲ ಎಷ್ಟಿರಬೇಕು?
3. ನಿಮ್ಮ ಮನೆಯ ಒಂದು ಕಿಟಕಿ ಅಳೆಯಿರಿ. ಚೀಟಿ ಬರೆದು ತನ್ನಿ.