ನಷ್ಟ ಯಾರದು, ತುಂಬಿಕೊಡುವವರು ಯಾರು: ಕಾನೂನು ಓದುವ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

 

"ಟಾರ್ಟ್ ಎಂಬ ವಿಷಯಕ್ಕೆ ಒಂದು ಕಾಯ್ದೆ ಇಲ್ಲ, ಒಂದು ಸೆಕ್ಷನ್ ಇಲ್ಲ, ಬರೀ ಹಳೇ ಕೇಸುಗಳು. ಇದನ್ನು ಓದುವುದು ಹೇಗೆ ದೊಡ್ಡಪ್ಪ?" ಎಂದು ಕೇಳಿದ್ದೆಯಲ್ಲ, ಆ ಪ್ರಶ್ನೆ ನನಗೆ ಹಿಡಿಸಿತು. ನಿನ್ನ ಜೊತೆ ಓದುವ ಮಕ್ಕಳಿಗೂ ಇದೇ ಕಷ್ಟ ಇದ್ದೀತು. ಅದಕ್ಕೇ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ತಪ್ಪು ಮಾಡಿದವನಿಗೆ ಏನು ಶಿಕ್ಷೆ ಎಂದು ಕ್ರಿಮಿನಲ್ ಕೋರ್ಟು ಕೇಳುತ್ತದೆ. ನಷ್ಟ ಯಾರಿಗಾಯಿತು, ಅದನ್ನು ಯಾರು ತುಂಬಿಕೊಡಬೇಕು ಎಂದು ಸಿವಿಲ್ ಕೋರ್ಟು ಕೇಳುತ್ತದೆ. ಲಾರಿ ಗುದ್ದಿ ದಾರಿಹೋಕನ ಕಾಲು ಮುರಿದರೆ ಪೊಲೀಸರು ಹಾಕುವ ಕೇಸು ಒಂದು, ಕಾಲು ಮುರಿದವನು ಕೇಳುವ ಪರಿಹಾರ ಇನ್ನೊಂದು. ಮೊದಲನೆಯದು ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಎರಡನೆಯದರಲ್ಲಿ ಯಾರು ಹೇಳಿದಂತೆ ನಡೆದಿರಲು ಹೆಚ್ಚು ಸಾಧ್ಯ ಎಂದು ತೂಗಿದರೆ ಸಾಕು. ಆದ್ದರಿಂದ ಚಾಲಕ ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಹಕ್ಕು ಸಾಯುವುದಿಲ್ಲ. "ಕೇಸು ಬಿದ್ದುಹೋಯ್ತಲ್ಲ ಸಾರ್, ಇನ್ನೇನಿದೆ" ಎಂದು ಸುಮ್ಮನಾದ ಕುಟುಂಬಗಳನ್ನು ಬಹಳ ಕಂಡಿದ್ದೇನೆ. ಅವರಿಗೆ ಈ ಒಂದು ವ್ಯತ್ಯಾಸವನ್ನು ಹೇಳುವವರು ಇರಲಿಲ್ಲ.

2024ರ ಜುಲೈ 1ರಿಂದ ದಂಡ ಸಂಹಿತೆ, ಸಾಕ್ಷ್ಯ ಕಾಯ್ದೆಗಳೆಲ್ಲ ಹೊಸ ಹೆಸರು, ಹೊಸ ಕಲಂ ಸಂಖ್ಯೆ ಪಡೆದವು. ಸಿವಿಲ್ ಪ್ರಕ್ರಿಯಾ ಸಂಹಿತೆ ಮಾತ್ರ 1908ರದ್ದೇ, ತಿದ್ದುಪಡಿಗಳೊಂದಿಗೆ ಇಂದಿಗೂ ನಡೆಯುತ್ತಿದೆ. ಅದರ 9ನೇ ಕಲಮನ್ನು ಬಾಯಿಪಾಠ ಮಾಡು. ಬೇರೆ ಕಾನೂನು ತಡೆಯದ ಹೊರತು ಸಿವಿಲ್ ಸ್ವರೂಪದ ಎಲ್ಲ ದಾವೆಗಳನ್ನೂ ಸಿವಿಲ್ ಕೋರ್ಟು ವಿಚಾರಿಸಬೇಕು ಎನ್ನುವ ಕಲಂ ಅದು. ಬಾಗಿಲು ತೆರೆದೇ ಇದೆ, ಮುಚ್ಚಿದೆ ಎನ್ನುವವನೇ ಅದನ್ನು ತೋರಿಸಬೇಕು.

ಇನ್ನು ನಿನ್ನ ಟಾರ್ಟ್‌ಗೆ ಬರೋಣ. ಇಬ್ಬರ ನಡುವೆ ಕರಾರಿದ್ದರೆ ಯಾರು ಏನು ಮಾಡಬೇಕೆಂದು ಕರಾರೇ ಹೇಳುತ್ತದೆ. ಕರಾರೇ ಇಲ್ಲದ ಅಪರಿಚಿತರ ನಡುವೆಯೂ ಒಂದು ಹೊಣೆ ಇದೆ. ಅದನ್ನು ಮುರಿದು ಇನ್ನೊಬ್ಬರಿಗೆ ಹಾನಿ ಮಾಡುವುದೇ ಟಾರ್ಟ್. ಪಕ್ಕದವನ ಜಮೀನಿಗೆ ನುಗ್ಗುವುದು, ರಾತ್ರಿಯಿಡೀ ಗಿರಣಿ ಓಡಿಸಿ ನೆರೆಯವರ ನಿದ್ದೆ ಕೆಡಿಸುವುದು, ಸುಳ್ಳು ಹೇಳಿ ಮಾನ ಕಳೆಯುವುದು, ಎಲ್ಲವೂ ಇದರೊಳಗೆ ಬರುತ್ತವೆ. ಆದರೆ ನಷ್ಟವಾದದ್ದೆಲ್ಲ ಟಾರ್ಟ್ ಅಲ್ಲ. ನಿನ್ನ ಅಂಗಡಿ ಎದುರು ಇನ್ನೊಬ್ಬ ಅಂಗಡಿ ತೆರೆದು ಗಿರಾಕಿಗಳು ಅತ್ತ ಹೋದರೆ ನಷ್ಟ ನಿಜ, ದಾವೆ ಇಲ್ಲ. ಇದಕ್ಕೆ ತಿರುಗುಮುರುಗಾದದ್ದೂ ಇದೆ. ಇಂಗ್ಲೆಂಡಿನ ಆ್ಯಶ್ಬಿ ವಿರುದ್ಧ ವೈಟ್ ಪ್ರಕರಣದಲ್ಲಿ ಮತದಾರನೊಬ್ಬನಿಗೆ ಮತ ಹಾಕಲು ಬಿಡಲಿಲ್ಲ. ಅವನು ಬೆಂಬಲಿಸಿದ ಅಭ್ಯರ್ಥಿ ಗೆದ್ದೇಬಿಟ್ಟಿದ್ದ, ಕೈಯಿಂದ ಕಾಸೂ ಹೋಗಿರಲಿಲ್ಲ. ಆದರೂ 1703ರಲ್ಲಿ ಮುಖ್ಯ ನ್ಯಾಯಾಧೀಶ ಹೋಲ್ಟ್ ಅವನ ಪರ ನಿಂತರು, ಕೊನೆಗೆ ಗೆಲುವು ಅವನದೇ ಆಯಿತು. ಹಕ್ಕಿಗೆ ಬಿದ್ದ ಪೆಟ್ಟೇ ಸಾಕು ಎಂದಾಯಿತು.

ನಿರ್ಲಕ್ಷ್ಯದ ಅಧ್ಯಾಯ ತೆಗೆದರೆ ಮೊದಲು ಸಿಗುವುದು ಬಸವನಹುಳುವಿನ ಕೇಸು. ಅದನ್ನು ಕತೆಯಾಗಿ ಓದಿ ಮುಂದೆ ಹೋಗಬೇಡ, ಸ್ವಲ್ಪ ನಿಲ್ಲು. 1928ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯ ಹೋಟೆಲೊಂದರಲ್ಲಿ ಡೊನೊಹ್ಯೂ ಎಂಬಾಕೆಗೆ ಗೆಳತಿ ಜಿಂಜರ್ ಬಿಯರ್ ಕೊಡಿಸಿದಳು. ಬಾಟಲಿ ಕಂದುಬಣ್ಣದ್ದು, ಒಳಗಿರುವುದು ಕಾಣುತ್ತಿರಲಿಲ್ಲ. ಸ್ವಲ್ಪ ಕುಡಿದ ಮೇಲೆ ಉಳಿದದ್ದನ್ನು ಸುರಿದಾಗ ಕೊಳೆತ ಬಸವನಹುಳು ಬಂತು, ನನಗೆ ಕಾಯಿಲೆಯಾಯಿತು ಎಂಬುದು ಆಕೆಯ ದೂರು. ದುಡ್ಡು ಕೊಟ್ಟವಳು ಗೆಳತಿ, ಆದ್ದರಿಂದ ಆಕೆಗೆ ಅಂಗಡಿಯವನೊಂದಿಗೆ ಕರಾರಿಲ್ಲ, ತಯಾರಿಸಿದ ಸ್ಟೀವನ್‌ಸನ್‌ನೊಂದಿಗಂತೂ ಇಲ್ಲವೇ ಇಲ್ಲ. 1932ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಐವರಲ್ಲಿ ಮೂವರು ಆಕೆಯ ಪರ ನಿಂತರು. ನಮ್ಮ ಕೆಲಸದಿಂದ ಯಾರಿಗೆ ಪೆಟ್ಟಾದೀತು ಎಂದು ಮೊದಲೇ ಊಹಿಸಬಹುದೋ ಅವರನ್ನು ಗಮನದಲ್ಲಿಟ್ಟು ನಡೆಯಬೇಕು, ಕಾನೂನಿನ ಕಣ್ಣಿಗೆ ಅವರೇ ನಮ್ಮ ನೆರೆಯವರು ಎಂಬುದು ಲಾರ್ಡ್ ಆ್ಯಟ್ಕಿನ್ ಹೇಳಿದ್ದರ ತಿರುಳು.

ವಿದ್ಯಾರ್ಥಿಗಳ ಕಣ್ಣು ತಪ್ಪುವ ಸಂಗತಿಯೊಂದು ಇಲ್ಲಿದೆ. ಆ ಬಾಟಲಿಯಲ್ಲಿ ಬಸವನಹುಳು ಇತ್ತೋ ಇಲ್ಲವೋ ಎಂಬುದನ್ನು ಯಾವ ಕೋರ್ಟೂ ತೀರ್ಮಾನಿಸಲಿಲ್ಲ. ಆಕೆ ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಂಡರೂ ದಾವೆ ನಿಲ್ಲುತ್ತದೆಯೇ ಎಂಬುದಷ್ಟೇ ಪ್ರಶ್ನೆಯಾಗಿತ್ತು. ನಮ್ಮಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 11ನೇ ನಿಯಮದಡಿ ದಾವಾಪತ್ರ ತಿರಸ್ಕರಿಸಿ ಎಂದು ಪ್ರತಿವಾದಿ ಅರ್ಜಿ ಹಾಕಿದಾಗ ನ್ಯಾಯಾಧೀಶರು ದಾವಾಪತ್ರವನ್ನು ಓದುವುದು ಇದೇ ಕಣ್ಣಿನಿಂದ. ನಿಜಕ್ಕೂ ಏನಾಯಿತು ಎಂಬುದು ಒಂದು ಪ್ರಶ್ನೆ, ಹಾಗಾಗಿದ್ದರೆ ಕಾನೂನು ಏನು ಹೇಳುತ್ತದೆ ಎಂಬುದು ಇನ್ನೊಂದು. ಇವೆರಡನ್ನೂ ಬೇರೆ ಮಾಡಲು ಬಂದ ದಿನ ನೀನು ಅರ್ಧ ವಕೀಲೆ.

ನಮ್ಮ ದೇಶದ ಕೇಸುಗಳನ್ನು ಹೆಚ್ಚು ಓದು. ದೆಹಲಿಯ ಚಾಂದನಿ ಚೌಕದಲ್ಲಿ ನಗರಸಭೆಯ ಗಡಿಯಾರ ಗೋಪುರ ಕುಸಿದು ಜನ ಸತ್ತರು. ಗೋಪುರಕ್ಕೆ 80 ವರ್ಷವಾಗಿತ್ತು, ಅದರ ಗಾರೆಯ ಆಯುಸ್ಸು 40-45 ವರ್ಷ. ಗೋಪುರ ಹೇಗೆ ಬಿತ್ತು ಎಂದು ಸತ್ತವರ ಮನೆಯವರು ಹೇಗೆ ರುಜುವಾತು ಮಾಡಬೇಕು? ಅದು ಅವರ ಕೆಲಸವೇ ಅಲ್ಲ, ಸರಿಯಾಗಿ ನೋಡಿಕೊಂಡಿದ್ದರೆ ಗೋಪುರ ತಾನಾಗಿ ಬೀಳುವುದಿಲ್ಲ, ಕಾರಣ ಹೇಳಬೇಕಾದವರು ನಗರಸಭೆಯವರು ಎಂದು 1966ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬಡವರ ಪಾಲಿಗೆ ಇಷ್ಟು ದೊಡ್ಡ ಆಸರೆಯಾದ ಸಾಕ್ಷ್ಯದ ನಿಯಮ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದರ ಜೊತೆಗೆ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದು. ಉದಯಪುರದ ಕಲೆಕ್ಟರರ ಜೀಪನ್ನು ರಿಪೇರಿ ಮುಗಿಸಿ ತರುತ್ತಿದ್ದ ಸರ್ಕಾರಿ ಚಾಲಕ ದಾರಿಹೋಕನೊಬ್ಬನ ಸಾವಿಗೆ ಕಾರಣನಾದ. ಸತ್ತವನ ಹೆಂಡತಿ ವಿದ್ಯಾವತಿಗೆ ರಾಜಸ್ಥಾನ ಸರ್ಕಾರ ಪರಿಹಾರ ಕೊಡಬೇಕೆಂದು 1962ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಎರಡೇ ವರ್ಷದ ಮೇಲೆ ಕಸ್ತೂರಿಲಾಲ್ ಪ್ರಕರಣ. ಅಮೃತಸರದ ಚಿನ್ನದ ವ್ಯಾಪಾರಿಯನ್ನು 1947ರ ಸೆಪ್ಟೆಂಬರ್‌ನಲ್ಲಿ ಮೀರತ್ ಪೊಲೀಸರು ಹಿಡಿದರು, ನೂರು ತೊಲೆಗೂ ಮೀರಿದ ಬಂಗಾರವನ್ನು, ಬೆಳ್ಳಿಯನ್ನು ವಶಪಡಿಸಿಕೊಂಡರು. ಮಾರನೆಯ ದಿನ ಆ ವ್ಯಾಪಾರಿಗೆ ಜಾಮೀನು ಸಿಕ್ಕಿತು, ಬೆಳ್ಳಿಯೂ ಮುಂದೆ ವಾಪಸು ಬಂತು. ಬಂಗಾರವನ್ನು ಮಾತ್ರ ಮಾಲಖಾನೆಯ ಹೆಡ್ ಕಾನ್‌ಸ್ಟೆಬಲ್ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋಗಿದ್ದ. ಪೊಲೀಸರು ನಿರ್ಲಕ್ಷ್ಯ ಮಾಡಿದ್ದು ನಿಜ ಎಂದೇ ಕೋರ್ಟು ಹೇಳಿತು. ಆದರೆ ಬಂಧನ, ಜಪ್ತಿ ಸಾರ್ವಭೌಮ ಅಧಿಕಾರದ ಕೆಲಸ, ಅದಕ್ಕೆ ಸರ್ಕಾರ ಹೊಣೆಯಲ್ಲ ಎಂದು ದಾವೆಯನ್ನು ತಳ್ಳಿಹಾಕಿತು. ಜೀಪು ಗುದ್ದಿದರೆ ಪರಿಹಾರ ಉಂಟು, ಠಾಣೆಯಲ್ಲೇ ಬಂಗಾರ ಮಾಯವಾದರೆ ಇಲ್ಲ. ಇದು ನ್ಯಾಯವೆಂದು ನನಗೆ ಎಂದೂ ಅನ್ನಿಸಿಲ್ಲ. ಶಾಸಕಾಂಗ ಇದಕ್ಕೊಂದು ಕಾನೂನು ಮಾಡಬೇಕೆಂದು ಅದೇ ತೀರ್ಪು ಹೇಳಿತ್ತು.

ಮುಂದೆ ಕೋರ್ಟುಗಳು ಬೇರೆ ದಾರಿಯಲ್ಲಿ ಬಂದವು. ಬಿಹಾರದ ರುದುಲ್ ಶಾ 1968ರಲ್ಲಿ ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲೇ ಕೊಳೆತ. 1983ರಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 32ನೇ ವಿಧಿಯಡಿ ನೇರವಾಗಿ ಪರಿಹಾರ ಕೊಡಿಸಿತು. ದೆಹಲಿಯ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ, 1986ರಲ್ಲಿ, ಅಪಾಯಕಾರಿ ಉದ್ಯಮ ನಡೆಸುವವರು ಯಾವ ವಿನಾಯಿತಿಯೂ ಇಲ್ಲದೆ ಪೂರ್ಣ ಹೊಣೆಗಾರರು ಎಂಬ ಸೂತ್ರ ಬಂತು. ಸೆಕ್ಷನ್ ಇಲ್ಲದ ಕಾನೂನು ಎಂದು ನೀನು ಬೇಸರಪಟ್ಟೆಯಲ್ಲ, ಇಷ್ಟೂ ಸಾಧ್ಯವಾದದ್ದು ಸೆಕ್ಷನ್ ಇಲ್ಲದ್ದರಿಂದಲೇ.

ಈಗ ಕೈಯಾರೆ ಒಂದು ದಾವೆ ಬರೆದು ನೋಡು. ರಾತ್ರಿ 8 ಗಂಟೆ. ಪೈಪ್ ಹಾಕಲು ಗುತ್ತಿಗೆದಾರ ಅಗೆದುಬಿಟ್ಟ ಗುಂಡಿ, ದೀಪವಿಲ್ಲ, ಅಡ್ಡಗಟ್ಟೆಯಿಲ್ಲ. ಸ್ಕೂಟರಿನಲ್ಲಿ ಬಂದ ಹೂವು ಮಾರುವ ಹೆಂಗಸು ಬಿದ್ದು ಮುಂಗೈ ಮುರಿದುಕೊಂಡಳು. ಎದುರಿನ ವಾಹನ ಗುದ್ದಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬಹುದಿತ್ತು. ಗುಂಡಿಗೆ ಆ ನ್ಯಾಯಮಂಡಳಿ ಇಲ್ಲ, ಸಿವಿಲ್ ಕೋರ್ಟಿಗೇ ಬರಬೇಕು. ಪುರಸಭೆ ಗುತ್ತಿಗೆದಾರನನ್ನು ಕೇಳಿ ಎನ್ನುತ್ತದೆ, ಗುತ್ತಿಗೆದಾರ ಪುರಸಭೆಯನ್ನು ಕೇಳಿ ಎನ್ನುತ್ತಾನೆ. ಇಬ್ಬರನ್ನೂ ಪ್ರತಿವಾದಿಗಳಾಗಿ ಸೇರಿಸು. ದಾವಾಪತ್ರದಲ್ಲಿ "ಪ್ರತಿವಾದಿಗಳು ನಿರ್ಲಕ್ಷ್ಯ ತೋರಿದ್ದಾರೆ" ಎಂದು ಒಂದೇ ಸಾಲು ಗೀಚಿದರೆ ಸಾಲದು. ಗುಂಡಿ ಎಷ್ಟು ಆಳ, ಎಷ್ಟು ದಿನದಿಂದ ತೆರೆದಿತ್ತು, ಬೀದಿದೀಪ ಉರಿಯುತ್ತಿತ್ತೇ, ಅವಳ ಸ್ಕೂಟರಿನ ಹೆಡ್‌ಲೈಟ್ ಸರಿಯಿತ್ತೇ, ಇವನ್ನು ಬರೆ. ಹೆಡ್‌ಲೈಟ್ ಇಲ್ಲದಿದ್ದರೆ ಅವಳದೂ ತಪ್ಪಿದೆ ಎಂದು ಪರಿಹಾರದಲ್ಲಿ ಪಾಲು ಕಡಿಮೆಯಾಗುತ್ತದೆ. ಪಾಟೀ ಸವಾಲಿನಲ್ಲಿ ಮೊದಲು ಬರುವ ಪ್ರಶ್ನೆಯೇ ಅದು. ಆಸ್ಪತ್ರೆ ಬಿಲ್ಲು, ವ್ಯಾಪಾರವಿಲ್ಲದೆ ಕಳೆದ ದಿನಗಳ ಗಳಿಕೆ, ನೋವಿನ ಬಾಬ್ತು, ಒಂದೊಂದಕ್ಕೂ ಮೊತ್ತ ಬೇಕು. ಕೇಳದ ಪರಿಹಾರವನ್ನು ಕೋರ್ಟು ಸಾಮಾನ್ಯವಾಗಿ ಕೊಡುವುದಿಲ್ಲ.

ಎಲ್ಲಕ್ಕಿಂತ ಮೊದಲು ತಾರೀಖು ನೋಡು. 1963ರ ಕಾಲಮಿತಿ ಕಾಯ್ದೆಯಲ್ಲಿ ಮಾನನಷ್ಟದ ದಾವೆಗೆ 1 ವರ್ಷ, ಸಾಲ ವಸೂಲಿಗೆ 3 ವರ್ಷ, ಒಡೆತನದ ಮೇಲೆ ಸ್ಥಿರಾಸ್ತಿಯ ಸ್ವಾಧೀನ ಕೇಳಲು 12 ವರ್ಷ. ಎದುರಾಳಿ ತಕರಾರು ಎತ್ತದಿದ್ದರೂ ಅವಧಿ ಮೀರಿದ ದಾವೆಯನ್ನು ಕೋರ್ಟು ವಜಾ ಮಾಡಲೇಬೇಕು, 3ನೇ ಕಲಂ ಹಾಗೆ ಹೇಳುತ್ತದೆ. ಸರ್ಕಾರವೇ ಪ್ರತಿವಾದಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ 2 ತಿಂಗಳ ನೋಟಿಸು ಕೊಡಬೇಕು. ಪುರಸಭೆಗೂ ನೋಟಿಸು ಬೇಕೇ ಎಂಬುದನ್ನು ಅದರ ಕಾಯ್ದೆ ತೆರೆದು ನೋಡು.

ತಾಲ್ಲೂಕಿನ ಕೋರ್ಟನ್ನು ಸಣ್ಣದೆಂದು ಎಣಿಸಬೇಡ. ನಿನ್ನ ಗೆಳೆಯ ಗೆಳತಿಯರೆಲ್ಲ ಹೈಕೋರ್ಟಿನ ಕನಸು ಕಾಣುತ್ತಿರಬಹುದು. ಆದರೆ ಸಾಕ್ಷಿಯ ಮುಖ ನೋಡಿ, ದಾಖಲೆ ಗುರುತು ಮಾಡಿ, ಸಂಗತಿ ಏನೆಂದು ಮೊದಲು ತೀರ್ಮಾನಿಸುವವರು ನಾವು ಹಿಂದೆ ಮುನ್ಸೀಫರು ಎನ್ನುತ್ತಿದ್ದ ಸಿವಿಲ್ ನ್ಯಾಯಾಧೀಶರು. ಬೆಂಗಳೂರು, ಧಾರವಾಡ, ಕಲಬುರಗಿ, ಹೈಕೋರ್ಟಿನ ಯಾವ ಪೀಠಕ್ಕೆ ಎರಡನೇ ಮೇಲ್ಮನವಿ ಹೋದರೂ ಅದೇ ಸಂಹಿತೆಯ 100ನೇ ಕಲಮಿನಂತೆ ಕಾನೂನಿನ ಮಹತ್ವದ ಪ್ರಶ್ನೆ ಇದ್ದರಷ್ಟೇ ಕೇಳುತ್ತಾರೆ. ಕೆಳಗೆ ಕೆಟ್ಟ ದಾಖಲೆಯನ್ನು ಮೇಲೆ ಯಾವ ಹಿರಿಯ ವಕೀಲರೂ ನೇರ ಮಾಡಲಾರರು.

ಡಿಕ್ರಿ ಬಂದ ದಿನ ಸಿಹಿ ಹಂಚುವ ಕಕ್ಷಿದಾರರಿಗೆ ಅಮಲ್ಜಾರಿಯ ವಿಷಯ ಹೇಳು. ಹಣ ತಾನಾಗಿ ಬರುವುದಿಲ್ಲ. ಸಂಹಿತೆಯ 21ನೇ ಆದೇಶದಡಿ ಮತ್ತೆ ಅರ್ಜಿ ಹಾಕಿ, ಆಸ್ತಿ ಹುಡುಕಿ, ಜಪ್ತಿ ಮಾಡಿಸಬೇಕು. ಭಾರತದಲ್ಲಿ ಕಕ್ಷಿದಾರನ ಕಷ್ಟ ಡಿಕ್ರಿ ಸಿಕ್ಕ ಮೇಲೆ ಶುರುವಾಗುತ್ತದೆ ಎಂಬ ಅರ್ಥದ ಮಾತನ್ನು ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಅದು ಇಂದಿಗೂ ನಿಜವಾಗಿರುವುದು ನಮ್ಮ ವೃತ್ತಿಗೆ ಗೌರವದ ಸಂಗತಿಯಲ್ಲ.

ನನ್ನನ್ನು ನಿಜಕ್ಕೂ ನೋಯಿಸುವುದು ಬೇರೆಯೇ. ಆ ಹೂವಿನ ಹೆಂಗಸಿನಂಥವರು ನಮ್ಮ ಕೋರ್ಟುಗಳಿಗೆ ಬರುವುದೇ ಇಲ್ಲ. ಕೇಳುವ ಮೊತ್ತ ಏರಿದಷ್ಟೂ ಕೋರ್ಟು ಶುಲ್ಕ ಏರುತ್ತದೆ, ವರ್ಷಗಳು ಉರುಳುತ್ತವೆ ಎಂದು ಹೆದರಿ "ಹಣೆಬರಹ" ಎಂದು ಮನೆಯಲ್ಲೇ ಉಳಿಯುತ್ತಾರೆ. ಟಾರ್ಟ್ ಪುಸ್ತಕದಲ್ಲಿ ದಪ್ಪಗೆ, ಕೋರ್ಟಿನ ಹಾಲಿನಲ್ಲಿ ತೆಳ್ಳಗೆ ಇರುವುದು ಇದರಿಂದಲೇ. ಆದರೂ ದಾರಿಗಳಿವೆ. ಶುಲ್ಕ ಕಟ್ಟಲಾಗದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ಅನುಮತಿ ಪಡೆದು ಶುಲ್ಕ ಕಟ್ಟದೆ ದಾವೆ ಹೂಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಯಾವ ಹೆಣ್ಣುಮಗಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ.

ಈ ರಜೆಯಲ್ಲಿ ಊರಿಗೆ ಬಂದಾಗ ಆ ಸಮಿತಿಯ ಕಚೇರಿಗೆ ಹೋಗು, ಅರ್ಜಿ ಹೇಗೆ ತುಂಬುತ್ತಾರೆ ಕಲಿತುಕೋ. ನಿಮ್ಮ ಬೀದಿಯಲ್ಲಿ ಯಾರಿಗಾದರೂ ಇಂಥ ಪೆಟ್ಟಾಗಿದ್ದರೆ ಗುಂಡಿ ಮುಚ್ಚುವ ಮೊದಲೇ ಅದರ ಫೋಟೋ ತೆಗೆದಿಟ್ಟುಕೊಳ್ಳಲು, ಆಸ್ಪತ್ರೆಯ ಒಂದೊಂದು ಚೀಟಿಯನ್ನೂ ಜೋಪಾನ ಮಾಡಲು ಹೇಳು.

ಇಂತಿ,
ನಿನ್ನ ದೊಡ್ಡಪ್ಪ