ಸಕ್ಕರೆ ಕಾಯಿಲೆಯವರ ಏಕಾದಶಿಗೆ ವಾರದ ಮೊದಲೇ ತಯಾರಿ

ಆಳಂದಿ, ದೇಹುವಿನ ಪಾಲಖಿಗಳು ಪುಣೆ ದಾಟಿ ಪಂಢರಪುರದತ್ತ ಹೊರಟವೆಂದರೆ ಇಲ್ಲಿನ ಕನ್ನಡ ಮನೆಗಳಲ್ಲೂ ಆಷಾಢ ಏಕಾದಶಿಯ ಮಾತು ಶುರು. ಸಕ್ಕರೆ ಕಾಯಿಲೆಯವರು ಹಗಲೆಲ್ಲ ಬರಿಹೊಟ್ಟೆಯಲ್ಲಿದ್ದು ಸಂಜೆ ತಟ್ಟೆ ತುಂಬ ಸಾಬುದಾಣಿ ಖಿಚಡಿ ಉಣ್ಣುತ್ತಾರೆ. ನಾಲಿಗೆ ಮೇಲೆ ಹಿಡಿತವಿಲ್ಲವೆಂದು ಬೈಸಿಕೊಳ್ಳುತ್ತಾರೆ. ಆ ಬೈಗುಳ ಅನ್ಯಾಯದ್ದು, ಏಕೆಂದರೆ ಇದರಲ್ಲಿ ಮಿದುಳಿನ ಪಾಲೂ ಇದೆ.

ಮಾರ್ಫಿನ್ ಹೋಗಿ ಹಿಡಿಯುವ ಒಪಿಯಾಯ್ಡ್ ಗ್ರಾಹಕಗಳು ಮಿದುಳಿನಲ್ಲಿರುವುದು 1973ರಲ್ಲಿ ಖಚಿತವಾಯಿತು. ಊಟದ ಸುಖವನ್ನು ನಮಗೆ ಮುಟ್ಟಿಸುವುದರಲ್ಲೂ ಇವುಗಳ ಪಾತ್ರವಿದೆ. ಪ್ರಯೋಗಾಲಯದ ಇಲಿಗಳಿಗೆ ಬಹುಕಾಲ ಆಹಾರ ಕಡಿಮೆ ಮಾಡಿದಾಗಲೂ, ಸಕ್ಕರೆ ಕಾಯಿಲೆ ಬರಿಸಿದಾಗಲೂ ಮಿದುಳಿನ ಈ ವ್ಯವಸ್ಥೆ ಬದಲಾಯಿತು. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಹಚ್ಚಲಾಗದು, ನಿಜ. ಆದರೂ ಹಸಿವು ಬರೀ ಹೊಟ್ಟೆಯ ವಿಷಯವಲ್ಲ. ಹಾಗಾಗಿ ಮನೋಬಲವನ್ನಷ್ಟೇ ನಂಬದೆ ವೇಳಾಪಟ್ಟಿ ಮಾಡಿಕೊಳ್ಳಿ.

ವಾರ ಮೊದಲೇ ಔಷಧಿ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ. ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಂಡು ಉಣ್ಣದಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಯವರು ನೀರನ್ನೂ ಬಿಟ್ಟರೆ ರಕ್ತದಲ್ಲಿ ಕೀಟೋನ್ ಆಮ್ಲ ಏರುವ ಭಯವಿದೆ. ಮೊಣಕಾಲು ನೋವಿಗೆ ಟ್ರಮಡಾಲ್ ನುಂಗುತ್ತಿದ್ದರೆ ಅದನ್ನೂ ಹೇಳಿ. ಅದೂ ಒಪಿಯಾಯ್ಡ್ ಔಷಧವೇ, ಕೆಲವರಲ್ಲಿ ಸಕ್ಕರೆ ಇಳಿಸುತ್ತದೆ. ಡೋಸ್ ಎಷ್ಟೆಂದು ವೈದ್ಯರೇ ಹೇಳಲಿ. ಟೈಪ್ 1 ಇರುವವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯವರು ಉಪವಾಸ ಬಿಡುವುದೇ ಸರಿ. ವಿಠ್ಠಲನ ನಾಮಕ್ಕೆ ಬರಿಹೊಟ್ಟೆಯ ಷರತ್ತಿಲ್ಲ.

ಆ ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಿ. ಬೆವರು, ನಡುಕ, ತಲೆಸುತ್ತು ಕಂಡರೂ ತಕ್ಷಣ ನೋಡಿ. 70ಕ್ಕಿಂತ ಕೆಳಗಿದ್ದರೆ ಉಪವಾಸ ಅಲ್ಲಿಗೇ ಮುಗಿಯಿತು: 15 ಗ್ರಾಂ ಗ್ಲುಕೋಸ್ ಪುಡಿ ನೀರಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. 300 ದಾಟಿದರೂ ಉಪವಾಸ ಬಿಟ್ಟು ವೈದ್ಯರಿಗೆ ಫೋನ್ ಮಾಡಿ.

ಸಾಬುದಾಣಿ ಬಹುಪಾಲು ಬರೀ ಪಿಷ್ಟ. ಬದಲಿಗೆ ರಾಜಗಿರಿ ಹಿಟ್ಟಿನ ರೊಟ್ಟಿ, ಶೇಂಗಾ, ಮೊಸರು, ಸೌತೆಕಾಯಿ ಇರಲಿ. ಹಸಿವು ಕೆರಳುವ ಮೊದಲೇ ಸ್ವಲ್ಪ ಸ್ವಲ್ಪ ಮೂರು ಹೊತ್ತು ತಿನ್ನಿ.

ತೆಳ್ಳಗಿದ್ದೇನೆ, ನನಗೆಲ್ಲಿಯ ಸಕ್ಕರೆ ಎನ್ನುವವರೂ ಉಪವಾಸಕ್ಕೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬ್ರಿಟನ್ನಿನ ಸಹೋದ್ಯೋಗಿಯ ಜೊತೆ ತಮ್ಮನ್ನೇ ಹೋಲಿಸಿ, ತೆಳ್ಳಗಿದ್ದರೂ ಮೈಯಲ್ಲಿ ಕೊಬ್ಬು ಹೆಚ್ಚಿರಬಹುದೆಂದು ತೋರಿಸಿದರು. ಇಬ್ಬರ ಬಿಎಂಐ 22.3. ಕೊಬ್ಬು ಮಾತ್ರ ಸಹೋದ್ಯೋಗಿಯಲ್ಲಿ ಶೇ 9.1, ಯಾಜ್ಞಿಕರಲ್ಲಿ ಶೇ 21.2.

ದ್ವಾದಶಿಯ ಪಾರಣೆಗೂ ಮೊದಲು ಸಕ್ಕರೆ ನೋಡಿ, ವೈದ್ಯರು ಬರೆದುಕೊಟ್ಟ ಡೋಸ್ ತೆಗೆದುಕೊಂಡು, ಪಲ್ಯ-ಬೇಳೆ ಮೊದಲು, ಅನ್ನ ಕೊನೆಗೆ ಬಡಿಸಿಕೊಳ್ಳಿ.